ಕೇಪಿನ ಕೋವಿ ಹುಸಿ ಹೋಗದಿರಲು: ನಿಮ್ಮ ನಿಪ್ಪಲ್‌ಗೆ ಒಪ್ಪುವ ಕೇಪು ಆರಿಸುವ ಸಮಗ್ರ ಮಾರ್ಗದರ್ಶಿ

ಕುದುರೆ ಬಿತ್ತು, ಟಕ್ ಅಂದಿತು, ಈಡು ಹಾರಲಿಲ್ಲ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಇಟ್ಟುಕೊಂಡವರ ಬಾಯಲ್ಲಿ ನಾನು ಜಾಸ್ತಿ ಕೇಳುವ ದೂರು ಇದೇ. ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ: "ಯಾವ ಕಂಪನಿಯ ಕೇಪು ತಗೊಳ್ಳಲಿ?" ಹೊಸಬರಿಗೆ ಒಂದು ಮಾತು: ಕೇಪು ಅಂದರೆ ಒಳಗೆ ಸಿಡಿಮದ್ದು ಇರುವ ಪುಟ್ಟ ತಾಮ್ರದ ಟೋಪಿ, ನಿಪ್ಪಲ್ ಅಂದರೆ ಅದು ಕೂರುವ ತೂತುಳ್ಳ ಮೊಳೆ, ಕುದುರೆ ಅಂದರೆ ಅದರ ಮೇಲೆ ಬಡಿಯುವ ಸುತ್ತಿಗೆ.

ಈ ಪ್ರಶ್ನೆ ತಪ್ಪಲ್ಲ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲ. ಕೇಪು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಡಬ್ಬಿಯ ಮೇಲಿನ ಹೆಸರಿನಿಂದ ಗೊತ್ತಾಗುವುದಿಲ್ಲ. ನಿಮ್ಮ ಕೋವಿಯ ನಿಪ್ಪಲ್ ಮೇಲೆ ಅದು ಹೇಗೆ ಕೂರುತ್ತದೆ ಅನ್ನುವುದರಿಂದ ಗೊತ್ತಾಗುತ್ತದೆ. ಒಬ್ಬರ ಕೋವಿಯಲ್ಲಿ ಒಂದೂ ಹುಸಿ ಹೋಗದ ಕೇಪು ಇನ್ನೊಬ್ಬರ ಕೋವಿಯಲ್ಲಿ ದಿನವಿಡೀ ಕೈಕೊಡಬಹುದು. ಹಾಗಾಗಿ ಮೊದಲು ನಿಪ್ಪಲ್, ಆಮೇಲೆ ಕುದುರೆ, ಆಮೇಲೆ ಮದ್ದು, ಕೊನೆಗೆ ಕೇಪು. ಈ ಸಾಲು ತಪ್ಪಿಸಿದರೆ ಡಬ್ಬಿ ಮೇಲೆ ಡಬ್ಬಿ ಕೊಂಡರೂ ತೊಂದರೆ ಅಲ್ಲೇ ಇರುತ್ತದೆ.

ಕೋವಿಗೂ ಬೇಟೆಗೂ ನೀವಿರುವ ಕಡೆ ಕಾನೂನಿನ ಒಪ್ಪಿಗೆ ಇದೆ ಅಂದುಕೊಂಡೇ ಮುಂದಿನದ್ದನ್ನು ಬರೆದಿದ್ದೇನೆ.

## ಕೈಯಲ್ಲಿ ಇರಬೇಕಾದ ಸಾಮಾನು

ಕಣ್ಣಿಗೆ ಗಟ್ಟಿ ಕನ್ನಡಕ, ಕಿವಿಗೆ ಮುಚ್ಚಿಗೆ. ಕೇಪು ಸಿಡಿದಾಗ ತಾಮ್ರದ ಚೂರು ಹಾರುತ್ತದೆ, ಬರಿ ಕೇಪು ಹೊಡೆಯುವಾಗಲೂ ಹಾರುತ್ತದೆ. ಕನ್ನಡಕ ಇಲ್ಲದೆ ಒಂದು ಕೇಪನ್ನೂ ಹೊಡೆಯಬೇಡಿ.

ನಿಮ್ಮ ನಿಪ್ಪಲ್‌ಗೇ ಸರಿಹೊಂದುವ ಸ್ಪ್ಯಾನರ್. ಸಿಕ್ಕಿದ ಇಕ್ಕಳದಲ್ಲಿ ತಿರುಗಿಸಿದರೆ ಅದರ ಮೂಲೆಗಳು ಸವೆದು, ಮುಂದೆ ಬಿಚ್ಚಲೂ ಬಾರದ ಹಾಗಾಗುತ್ತದೆ. ನಿಪ್ಪಲ್ ತೂತು ಚುಚ್ಚಲು ತೆಳು ತಂತಿ, ಪೈಪ್ ಕ್ಲೀನರ್, ಸ್ಪಿರಿಟ್, ಒಣ ಬಟ್ಟೆ ತುಂಡುಗಳು. ಅಳೆಯಲು ವರ್ನಿಯರ್ ಕ್ಯಾಲಿಪರ್, 1 ಮಿ.ಮೀ. ಡ್ರಿಲ್ ಬಿಟ್. ಮಸಿ ಹಿಡಿಯಲು ಒಂದು ಮೇಣದಬತ್ತಿ. ಕೇಪು ಒತ್ತಿ ಕೂರಿಸಲು ಬೆರಳುದ್ದದ ಗಟ್ಟಿ ಮರದ ಕಡ್ಡಿ. ಜೊತೆಗೆ ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆ ಅನ್ನುವುದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಕೋವಿ ಖಾಲಿ ಇದೆಯೇ ನೋಡಿ

"ಖಾಲಿ ಇದೆ, ನಂಗೊತ್ತು" ಅನ್ನುವ ಮಾತು ಇಲ್ಲಿ ಬೇಡ. ನಿಪ್ಪಲ್ ಮೇಲೆ ಕೇಪು ಇದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಗಜವನ್ನು (ಮದ್ದು, ಗುಂಡು ಒತ್ತುವ ಕೋಲು) ನಳಿಗೆಯ ತಳದವರೆಗೆ ಬಿಡಿ. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ, ನಳಿಗೆ ಬಾಯಿಯ ಮಟ್ಟಕ್ಕೆ ಒಂದು ಗುರುತು ಇರಬೇಕು. ಮದ್ದು, ಗುಂಡು ತುಂಬಿದಾಗ ಎಲ್ಲಿಗೆ ಬರುತ್ತದೋ ಅಲ್ಲಿ ಇನ್ನೊಂದು. ಈ ಎರಡು ಗೀರು ಇಲ್ಲದ ಗಜ ನಿಮ್ಮದಾದರೆ, ಇವತ್ತೇ ಗುರುತು ಹಾಕಿ.

ಮುಂದೆ ಬರುವ ಪ್ರತಿ ಪರೀಕ್ಷೆಗೂ ಮುಂಚೆ ಈ ಹಂತ ಮತ್ತೆ ಮಾಡಿ. ಮಧ್ಯದಲ್ಲಿ ಟೀ ಕುಡಿಯಲು ಎದ್ದು ಬಂದರೂ ಮಾಡಿ.

## ಹಂತ 2: ನಿಪ್ಪಲ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಹುಸಿ ಹೋಗುವ ಕೋವಿಗಳ ಗುಟ್ಟು ಬಹಳ ಸಲ ಈ ಸಣ್ಣ ಲೋಹದ ತುಂಡಿನಲ್ಲೇ ಇರುತ್ತದೆ.

ಮೊದಲು ತುದಿ ನೋಡಿ. ಹೊಸ ನಿಪ್ಪಲ್‌ನ ತುದಿ ಚಪ್ಪಟೆಯಾಗಿ, ಅಂಚು ಚೂಪಾಗಿ ಇರುತ್ತದೆ. ಕೇಪಿಲ್ಲದೆ ಸುಮ್ನೆ ಕುದುರೆ ಬೀಳಿಸುತ್ತಾ ಬಂದರೆ ಆ ತುದಿ ಏಟು ತಿಂದು ಅಣಬೆಯ ಹಾಗೆ ಹರಡಿಕೊಳ್ಳುತ್ತದೆ. ಕೂದಲೆಳೆಯಷ್ಟು ಹರಡಿದರೂ ಸಾಕು, ಕೇಪು ತಳಮುಟ್ಟ ಇಳಿಯುವುದಿಲ್ಲ. ನನ್ನ ಕೋವಿಯೊಂದು ಹೀಗೇ ಕಾಡಿತ್ತು. ಮೊದಲ ಏಟಿಗೆ ಟಕ್, ಎರಡನೇ ಏಟಿಗೆ ಢಂ. ಮೂರು ಬಗೆಯ ಕೇಪು ಬದಲಿಸಿದೆ, ಮೂರರಲ್ಲೂ ಅದೇ ಕಥೆ. ಕೊನೆಗೆ ನಿಪ್ಪಲ್ ಬಿಚ್ಚಿ ಉಗುರಿನಿಂದ ಬುಡದಿಂದ ತುದಿಗೆ ಸವರಿದೆ. ತುದಿಯ ಹತ್ತಿರ ಉಗುರು ತಡೆಯಿತು. ಕಣ್ಣಿಗೆ ಕಾಣದ ಅಂಚು ಉಗುರಿಗೆ ಸಿಕ್ಕಿತು. ಹೊಸ ನಿಪ್ಪಲ್ ಹಾಕಿದ ಮೇಲೆ ಆ ಮೂರೂ ಕೇಪುಗಳು ಮೊದಲ ಏಟಿಗೇ ಹತ್ತಿದವು.

ಆಮೇಲೆ ತೂತು. ನಿಪ್ಪಲ್‌ನ ಒಳದಾರಿ ಒಂದು ಕಡೆ ಅಗಲವಾಗಿದ್ದು, ಇನ್ನೊಂದು ಕಡೆ ಕಿರಿದಾಗುತ್ತದೆ. ಬೆಂಕಿಯನ್ನು ಸಣ್ಣ ಧಾರೆ ಮಾಡಿ ಮದ್ದಿನತ್ತ ನೂಕುವುದು ಆ ಕಿರಿದಾದ ಜಾಗ. ಈಡು ಹೊಡೆದಷ್ಟೂ ಬಿಸಿ ಗಾಳಿ ಅದನ್ನು ಕೊರೆದು ಅಗಲ ಮಾಡುತ್ತದೆ. 1 ಮಿ.ಮೀ. ಡ್ರಿಲ್ ಬಿಟ್‌ನ ನುಣುಪಾದ ಹಿಂಬದಿ ಆ ಕಿರಿ ತೂತಿನಲ್ಲಿ ಸಲೀಸಾಗಿ ತೂರಿದರೆ ನಾನು ಆ ನಿಪ್ಪಲ್ ಬದಲಿಸುತ್ತೇನೆ. ಬಿಟ್ಟನ್ನು ತಿರುಗಿಸಿ ಕೊರೆಯಬೇಡಿ, ಅಳತೆಗೆ ಮಾತ್ರ ಬಳಸಿ. ತೂತು ಅಗಲವಾದರೆ ಈಡು ಹಾರುವಾಗ ಒತ್ತಡ ಹಿಂದಕ್ಕೆ ನುಗ್ಗಿ ಕುದುರೆಯನ್ನೇ ಎತ್ತಿಬಿಡುತ್ತದೆ. ಹೊಡೆದ ಮೇಲೆ ಕುದುರೆ ಅರ್ಧ ಎದ್ದು ನಿಂತಿರುವುದು ಕಂಡರೆ ಅದು ಎಚ್ಚರಿಕೆಯ ಗಂಟೆ. ಅಲ್ಲಿಗೆ ನಿಲ್ಲಿಸಿ.

ಬದಲಿಸುವಾಗ ಥ್ರೆಡ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಚಾಲ್ತಿಯಲ್ಲಿ ಜಾಸ್ತಿ ಕಾಣುವುದು ಮೂರು: 6×0.75 ಮಿ.ಮೀ., 6×1 ಮಿ.ಮೀ., ಮತ್ತು ಕಾಲಿಂಚಿನ 28 ಎಳೆಯ ಥ್ರೆಡ್. ಮೇಜಿನ ಮೇಲೆ ಸಾಲಾಗಿ ಇಟ್ಟರೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ಕಾಲಿಂಚು ಅಂದರೆ 6.35 ಮಿ.ಮೀ. ಕಾಲಿಂಚಿನ ತೂತಿಗೆ 6 ಮಿ.ಮೀ. ನಿಪ್ಪಲ್ ಹಾಕಿದರೆ ಅದು ಹಿಡಿದ ಹಾಗೆ ನಟಿಸುತ್ತದೆ, ಈಡಿನ ಒತ್ತಡಕ್ಕೆ ಕಿತ್ತುಕೊಂಡು ನಿಮ್ಮ ಮುಖದ ಕಡೆಗೇ ಹಾರಬಹುದು. ಕೋವಿಯ ಕೈಪಿಡಿ ನೋಡಿ, ಹಳೇ ನಿಪ್ಪಲ್ ಅಳೆಯಿರಿ, ಅನುಮಾನ ಉಳಿದರೆ ಕೋವಿ ರಿಪೇರಿಯವರಿಗೆ ತೋರಿಸಿ. ಸರಿಯಾದ ನಿಪ್ಪಲ್ ಬೆರಳಲ್ಲೇ ಕೊನೆಯವರೆಗೆ ತಿರುಗುತ್ತದೆ, ಆದರೆ ಅಲ್ಲಾಡುವುದಿಲ್ಲ. ಕೊನೆಯ ಬಿಗಿಗೆ ಮಾತ್ರ ಸ್ಪ್ಯಾನರ್ ಬೇಕು. ಥ್ರೆಡ್‌ಗೆ ಗ್ರೀಸ್ ಇಷ್ಟೇ ಇಷ್ಟು ಸವರಿ, ಒಳದಾರಿಗೆ ಹೋಗದ ಹಾಗೆ.

## ಹಂತ 3: ನಿಮ್ಮ ನಿಪ್ಪಲ್ ಯಾವ ಜಾತಿಯ ಕೇಪು ಕೇಳುತ್ತದೆ?

ಬೇಟೆ ರೈಫಲ್‌ಗಳಲ್ಲಿ ಜಾಸ್ತಿ ಕಾಣುವುದು ನಂ. 11. ನಂ. 10 ಇದಕ್ಕಿಂತ ಸಣ್ಣ ಅಳತೆಯದ್ದು, ಹೆಚ್ಚಾಗಿ ರಿವಾಲ್ವರ್‌ಗಳಿಗೆ ಹೋಗುತ್ತದೆ, ಕೆಲವು ರೈಫಲ್ ನಿಪ್ಪಲ್‌ಗಳಿಗೂ ಒಪ್ಪುತ್ತದೆ. ಇವುಗಳ ನಿಪ್ಪಲ್ ತುದಿ ಸುಮಾರು 4 ಮಿ.ಮೀ. ಆಸುಪಾಸು. ಮಸ್ಕೆಟ್ ಕೇಪು ಬೇರೆಯೇ ಜಾತಿ. ದೊಡ್ಡದು, ಟೋಪಿಯ ಅಂಚಿನ ಹಾಗೆ ರೆಕ್ಕೆಗಳಿರುತ್ತವೆ, ಒಳಗಿನ ಅಗಲ ಸುಮಾರು 6 ಮಿ.ಮೀ. ಕೈಗವಸು ಹಾಕಿದ ಬೆರಳಿಗೂ ಸಿಗುತ್ತದೆ, ಬೆಂಕಿಯೂ ಜಾಸ್ತಿ. ಆದರೆ ಅದಕ್ಕೆ ಮಸ್ಕೆಟ್ ನಿಪ್ಪಲ್ಲೇ ಬೇಕು, ಕುದುರೆಯ ಮೂತಿಯ ಗುಳಿಯೂ ಅದು ಹಿಡಿಸುವಷ್ಟು ಅಗಲ ಇರಬೇಕು. ನಿಪ್ಪಲ್ ಮಾತ್ರ ಬದಲಿಸಿ ಗುಳಿ ನೋಡದೆ ಬಿಟ್ಟರೆ, ಕುದುರೆಯ ಅಂಚು ರೆಕ್ಕೆಗೆ ತಾಗಿ ಏಟು ಅಲ್ಲೇ ಸತ್ತುಹೋಗುತ್ತದೆ.

209 ಪ್ರೈಮರ್ ಅನ್ನುವುದು ನಿಪ್ಪಲ್ ಮೇಲೆ ಕೂರುವ ಕೇಪೇ ಅಲ್ಲ. ಅದು ಶಾಟ್‌ಗನ್ ತೋಟೆಗೆ ಹಾಕುವ ಪ್ರೈಮರ್. ಹೊಸ ಕಾಲದ ಇನ್‌ಲೈನ್ ರೈಫಲ್‌ಗಳಲ್ಲಿ (ಪ್ರೈಮರ್ ಮದ್ದಿನ ನೇರ ಹಿಂದೆ ಇರುವಂಥವು) ಮುಚ್ಚಿದ ಬ್ರೀಚ್‌ನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ, ಕೂರುತ್ತದೆ. ನಿಮ್ಮ ಕೋವಿ ಅದಕ್ಕಾಗಿ ಮಾಡಿದ್ದಲ್ಲದಿದ್ದರೆ ಆ ಆಸೆ ಬಿಡಿ.

ಇನ್ನೊಂದು ಮಾತು. ನಂಬರ್ ಅನ್ನುವುದು ಎಲ್ಲ ಕಂಪನಿಗೂ ಒಂದೇ ಅಳತೆ ಅಲ್ಲ. ಒಬ್ಬರ ನಂ. 10 ಇನ್ನೊಬ್ಬರ ನಂ. 10ಕ್ಕಿಂತ ಉದ್ದ ಇರಬಹುದು. ಜರ್ಮನಿಯ ಆರ್‌ಡಬ್ಲ್ಯುಎಸ್ ತನ್ನ ಕೇಪಿಗೆ 1075 ಅನ್ನುವ ತನ್ನದೇ ಸಂಖ್ಯೆ ಕೊಡುತ್ತದೆ, ಅಮೆರಿಕದ ಸಿಸಿಐ ಮತ್ತು ರೆಮಿಂಗ್ಟನ್ 10, 11 ಅನ್ನುತ್ತವೆ. ನಿಪ್ಪಲ್ ಮಾಡುವವರೂ ಅಷ್ಟೇ, ಕೇಪು ಕೂರುವ ಕೋನು ಎಲ್ಲರದ್ದೂ ಒಂದೇ ಓರೆಯಲ್ಲಿ ಇರುವುದಿಲ್ಲ. ಡಬ್ಬಿಯ ಸಂಖ್ಯೆ ಹುಡುಕಾಟ ಶುರು ಮಾಡಲು ಸಾಕು, ಮುಗಿಸಲು ಸಾಲದು.

## ಹಂತ 4: ಕೂರಿಸಿ ನೋಡಿ, ಅಲ್ಲಾಡಿಸಿ ನೋಡಿ

ಕೋವಿ ಖಾಲಿ ಅಂತ ಮತ್ತೆ ಖಾತ್ರಿ ಮಾಡಿಕೊಳ್ಳಿ. ನಳಿಗೆ ಸುರಕ್ಷಿತ ದಿಕ್ಕಿಗಿರಲಿ. ಕುದುರೆ ಅರ್ಧಕ್ಕೆ ಏರಿಸಿ. ಒಂದು ಕೇಪನ್ನು ನಿಪ್ಪಲ್ ಮೇಲೆ ಇಟ್ಟು, ಮರದ ಕಡ್ಡಿಯಿಂದ ನೇರವಾಗಿ, ಮೆಲ್ಲಗೆ ಒತ್ತಿ. ಕುಟ್ಟಬೇಡಿ. ಕಡ್ಡಿ ಹಿಡಿದ ಬೆರಳು ಕೇಪಿನ ಬಾಯಿಯ ಪಕ್ಕ ಬರದಂತೆ ನೋಡಿಕೊಳ್ಳಿ.

ಸರಿಯಾದ ಕೇಪು ಮೊದಲು ಸ್ವಲ್ಪ ಹಿಡಿಯುತ್ತದೆ, ಆಮೇಲೆ ಒಂದೇ ಸಣ್ಣ ಒತ್ತಿಗೆ ಕೆಳಗಿಳಿದು ನಿಲ್ಲುತ್ತದೆ. ಕೂತಿತು ಅನ್ನುವುದು ಕಡ್ಡಿಯ ಮೂಲಕ ಕೈಗೆ ಗೊತ್ತಾಗುತ್ತದೆ. ಈಗ ಕೋವಿಯನ್ನು ಓರೆ ಮಾಡಿ, ನಿಪ್ಪಲ್ ನೆಲದ ಕಡೆಗಿರಲಿ. ಹಿಡಿಕೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ. ಕೇಪು ಬೀಳಬಾರದು, ತಿರುಗಬಾರದು.

ಎರಡು ಥರದ ತಪ್ಪು ಇಲ್ಲಿ ಕಾಣುತ್ತದೆ.

ಬಿಗಿ ಜಾಸ್ತಿಯಾದರೆ ಕೇಪಿನ ತಲೆಗೂ ನಿಪ್ಪಲ್ ತುದಿಗೂ ನಡುವೆ ಜಾಗ ಉಳಿಯುತ್ತದೆ. ಕುದುರೆಯ ಮೊದಲ ಏಟು ಕೇಪನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಎರಡನೇ ಏಟಿಗೆ ಸಿಡಿಯುತ್ತದೆ. ಎರಡನೇ ಏಟಿಗೆ ಹತ್ತುವ ಕೋವಿಯಲ್ಲಿ ಕೇಪು ಕೆಟ್ಟಿಲ್ಲ, ಕೂತಿಲ್ಲ. ಈ ಒಂದು ಲಕ್ಷಣ ನೆನಪಿಟ್ಟುಕೊಂಡರೆ ಎಷ್ಟೋ ಒಳ್ಳೆ ಡಬ್ಬಿಗಳು ಕಸಕ್ಕೆ ಹೋಗುವುದು ತಪ್ಪುತ್ತದೆ.

ಸಡಿಲ ಜಾಸ್ತಿಯಾದರೆ ಕೇಪು ಪೊದೆಗೆ ತಾಗಿ ಬೀಳುತ್ತದೆ, ಇಲ್ಲವೇ ಬೆಂಕಿ ಪಕ್ಕದಿಂದ ಹೊರಗೆ ಹೋಗುತ್ತದೆ. ಇದಕ್ಕೆ ಎಲ್ಲರೂ ಮಾಡುವ ಉಪಾಯ ಕೇಪನ್ನು ಬೆರಳಲ್ಲಿ ಅಮುಕಿ ಅಂಡಾಕಾರ ಮಾಡುವುದು. ದಯವಿಟ್ಟು ಬೇಡ. ಒಳಗಿರುವುದು ಒತ್ತಿದರೆ ಸಿಡಿಯುವ ಮದ್ದು, ನಿಮ್ಮ ಬೆರಳು ಇರುವುದು ಅದರ ಎರಡೂ ಪಕ್ಕ. ಸಿಡಿಯದೇ ಹೋದರೂ ಒಳಗಿನ ಮದ್ದಿನ ಬಿಲ್ಲೆ ಬಿರುಕು ಬಿಟ್ಟು ಉದುರುತ್ತದೆ. ಸಡಿಲ ಕೇಪಿಗೆ ಪರಿಹಾರ ಎರಡೇ: ಬೇರೆ ಅಳತೆಯ ಕೇಪು, ಇಲ್ಲವೇ ಬೇರೆ ನಿಪ್ಪಲ್.

ನನ್ನ ಅಭಿಪ್ರಾಯ ಕೇಳಿದರೆ, ಇಷ್ಟದ ಕೇಪು ಸುಲಭವಾಗಿ ಸಿಗುವಂತಿದ್ದರೆ ಅದಕ್ಕೆ ತಕ್ಕ ನಿಪ್ಪಲ್ ಹಾಕಿಸುವುದೇ ಜಾಣತನ. ನಿಪ್ಪಲ್ ಒಂದೇ ಸಲ ಕೊಳ್ಳುವುದು. ಕೇಪು ಪ್ರತಿ ವರ್ಷ ಬೇಕು.

## ಹಂತ 5: ಕುದುರೆಯ ಏಟು ಎಲ್ಲಿ ಬೀಳುತ್ತಿದೆ?

ಮೇಣದಬತ್ತಿ ಹಚ್ಚುವ ಮುಂಚೆ ಮದ್ದು, ಕೇಪುಗಳನ್ನು ಬೇರೆ ಕೋಣೆಗೆ ಸಾಗಿಸಿ, ನಿಪ್ಪಲ್ ಮೇಲೂ ಕೇಪು ಇರಬಾರದು. ಒಂದು ಚಮಚದ ಹಿಂಬದಿಗೆ ಬತ್ತಿಯ ಮಸಿ ಹಿಡಿಸಿ, ಆರಿಸಿ. ಆ ಮಸಿಯನ್ನು ಕಡ್ಡಿಗೆ ಮೆತ್ತಿದ ಹತ್ತಿಯಿಂದ ಕುದುರೆಯ ಗುಳಿಯ ತಳಕ್ಕೆ ಸವರಿ. ಹೆಬ್ಬೆರಳಲ್ಲಿ ಹಿಡಿದು ಕುದುರೆಯನ್ನು ಮೆಲ್ಲಗೆ ನಿಪ್ಪಲ್ ಮೇಲೆ ಇಳಿಸಿ, ಎತ್ತಿ.

ನಿಪ್ಪಲ್ ತುದಿಯ ಮೇಲೆ ಪೂರ್ತಿ ಉಂಗುರ ಮೂಡಿದ್ದರೆ ಏಟು ನೇರ ಇದೆ. ಅರ್ಧಚಂದ್ರ ಮಾತ್ರ ಮೂಡಿದ್ದರೆ ಕುದುರೆ ಓರೆ ಬೀಳುತ್ತಿದೆ. ಗುರುತೇ ಇಲ್ಲದಿದ್ದರೆ ಕುದುರೆ ತುದಿಯವರೆಗೆ ತಲುಪುತ್ತಲೇ ಇಲ್ಲ. ಓರೆ, ಗಿಡ್ಡ ಎರಡನ್ನೂ ಕೋವಿ ರಿಪೇರಿ ಬಲ್ಲವರೇ ಸರಿಮಾಡಬೇಕು. ಮನೆಯಲ್ಲಿ ಕುದುರೆ ಬಗ್ಗಿಸಲು ಹೋಗಬೇಡಿ.

ಗುಳಿಯ ಒಳಗೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಹಳೆಯ ಕೇಪುಗಳ ತಾಮ್ರದ ಚೂರು ಅಲ್ಲಿ ಅಂಟಿ ಮೆತ್ತೆಯಾಗಿರುತ್ತದೆ. ಅದು ಏಟನ್ನು ನುಂಗುತ್ತದೆ. ಸೂಜಿಯಿಂದ ಕೆರೆದು ತೆಗೆಯಿರಿ.

## ಹಂತ 6: ಮದ್ದಿಗೆ ತಕ್ಕ ಬೆಂಕಿ

ಅಸಲಿ ಕರಿಮದ್ದು ಬೇಗ ಹೊತ್ತಿಕೊಳ್ಳುತ್ತದೆ. ಸರಿಯಾಗಿ ಕೂತ ಸಾಮಾನ್ಯ ನಂ. 11 ಅದಕ್ಕೆ ಧಾರಾಳ ಸಾಕು. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಥರದ ಬದಲಿ ಮದ್ದುಗಳು ಹೊತ್ತಲು ಜಾಸ್ತಿ ಶಾಖ ಕೇಳುತ್ತವೆ. ಅವುಗಳ ಜೊತೆ ಮ್ಯಾಗ್ನಂ (ಬೆಂಕಿ ಜಾಸ್ತಿಯ ಬಿಸಿ ಕೇಪು) ಅಂತ ಬರೆದಿರುವ ನಂ. 11, ಇಲ್ಲವೇ ಮಸ್ಕೆಟ್ ಕೇಪು ನೆಮ್ಮದಿ. ಬ್ಲ್ಯಾಕ್‌ಹಾರ್ನ್ 209 ಮದ್ದು ಹೆಸರೇ ಹೇಳುವಂತೆ 209 ಪ್ರೈಮರ್‌ಗೆ ಮಾಡಿದ್ದು. ನಿಪ್ಪಲ್ ಕೋವಿಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ತೋಟೆಗಳಿಗೆ ಹಾಕುವ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಒಂದು ಚಿಟಿಕೆಯೂ ಹಾಕಬೇಡಿ. ಅದರ ಒತ್ತಡಕ್ಕೆ ನಳಿಗೆ ಒಡೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ಹುಸಿ ಹೋಗ್ತಿದೆ, ಬಿಸಿ ಕೇಪು ಹಾಕೋಣ" ಅನ್ನುತ್ತಾರೆ. ಒಳದಾರಿಯಲ್ಲಿ ಎಣ್ಣೆ ಕೂತಿದ್ದರೆ ಬಿಸಿ ಕೇಪೂ ಸೋಲುತ್ತದೆ. ನಿಪ್ಪಲ್ ತೂತು ಅಗಲವಾಗಿದ್ದರೆ ಬಿಸಿ ಕೇಪು ಚೂರನ್ನು ಇನ್ನೂ ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಹಂತ 2ರಿಂದ 5ರವರೆಗೆ ಎಲ್ಲ ಸರಿ ಇದ್ದು, ಬದಲಿ ಮದ್ದೇ ಬಳಸುತ್ತಿದ್ದರೆ ಮಾತ್ರ ಬಿಸಿ ಕೇಪಿನ ಕಡೆ ಹೋಗಿ.

ಮಸ್ಕೆಟ್ ಕೇಪಿನ ಡಬ್ಬಿ ಕೊಳ್ಳುವಾಗ ಲೇಬಲ್ ಪೂರ್ತಿ ಓದಿ. ಹಳೇ ಯುದ್ಧಗಳ ಅಣಕು ಪ್ರದರ್ಶನದಲ್ಲಿ ಗುಂಡಿಲ್ಲದೆ ಸದ್ದು ಮಾಡಲೆಂದೇ ಕೆಲವು ಕೇಪು ಬರುತ್ತವೆ. ಅವುಗಳ ಬೆಂಕಿ ಕಡಿಮೆ. ಬೇಟೆಗೆ ಆಗುವುದಿಲ್ಲ.

## ಹಂತ 7: ಕೊಳ್ಳಿ, ಹೊಡೆದು ನೋಡಿ, ಬರೆದಿಡಿ

ಹಂತ 4ರಲ್ಲಿ ಚೆನ್ನಾಗಿ ಕೂತ ಎರಡು ಬಗೆಯ ಕೇಪು ಆರಿಸಿ. ಮೊದಲು ಒಂದೊಂದೇ ಡಬ್ಬಿ. ಸಾಮಾನ್ಯವಾಗಿ ಒಂದು ಡಬ್ಬಿಯಲ್ಲಿ 100 ಇರುತ್ತವೆ. ಗೆದ್ದ ಬಗೆಯದ್ದನ್ನು ಆಮೇಲೆ ಅದೇ ಲಾಟ್ ಸಂಖ್ಯೆಯಲ್ಲಿ (ಒಂದೇ ಸಲ ತಯಾರಾದ ಮಾಲಿನ ಗುರುತು) ಇನ್ನಷ್ಟು ತನ್ನಿ.

ಡಬ್ಬಿ ತೆರೆದ ಕೂಡಲೇ ಹತ್ತು ಕೇಪನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಆಮೇಲೆ ಬಾಯಿ ಮೇಲೆ ಮಾಡಿ ನೋಡಿ. ಒಳಗಿನ ಬಿಲ್ಲೆ ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ಇರಬೇಕು. ಕಾಗದದ ಮೇಲೆ ಪುಡಿ ಉದುರಬಾರದು. ತಾಮ್ರದ ಮೇಲೆ ಹಸಿರು ಕಿಲುಬು, ಬಾಯಿಯ ಅಂಚಿನಲ್ಲಿ ಸೀಳು, ಬಿಲ್ಲೆಯಿಲ್ಲದ ಖಾಲಿ ಟೋಪಿ, ಇವು ಕಂಡರೆ ಆ ಡಬ್ಬಿ ಬೇಟೆಗಲ್ಲ.

ಈಗ ನೋಟ್‌ಬುಕ್. ಹತ್ತು ಕೇಪು ಹೊಡೆದು ಹತ್ತೂ ಹತ್ತಿದರೆ "ಗ್ಯಾರಂಟಿ ಮಾಲು" ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕ ಬೇರೆ ಹೇಳುತ್ತದೆ. ನಾಲ್ಕಕ್ಕೆ ಒಂದು ಕೈಕೊಡುವ ಕೆಟ್ಟ ಡಬ್ಬಿಯೂ ಸತತ ಹತ್ತು ಸಲ ಹತ್ತುವ ಸಾಧ್ಯತೆ ನೂರಕ್ಕೆ ಐದಾರು ಸಲ ಇದೆ. ಸತತ 30 ಹತ್ತಿದರೆ ಹುಸಿ ಹೋಗುವ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಕಡಿಮೆ ಅಂತ ಸಾಕಷ್ಟು ಧೈರ್ಯವಾಗಿ ಹೇಳಬಹುದು. 100 ಹತ್ತಿದರೆ ನೂರಕ್ಕೆ ಮೂರಕ್ಕಿಂತ ಕಡಿಮೆ. ಅದಕ್ಕೇ ನಾನು ಒಂದು ಲಾಟಿನಿಂದ ಕನಿಷ್ಠ 30 ಹೊಡೆಯುತ್ತೇನೆ, ಅದರಲ್ಲಿ ಅರ್ಧವಾದರೂ ಮದ್ದು, ಗುಂಡು ತುಂಬಿ, ಗುರಿ ಹೊಡೆಯುವ ಜಾಗದಲ್ಲಿ.

ಪ್ರತಿ ಈಡಿಗೂ ನಾಲ್ಕು ವಿಷಯ ಬರೆಯಿರಿ. ಮೊದಲ ಏಟಿಗೆ ಸಿಡಿಯಿತೇ? ಕೇಪಿನ ಸದ್ದಿಗೂ ಈಡಿನ ಸದ್ದಿಗೂ ನಡುವೆ ಬಿಡುವು ಕೇಳಿತೇ? ಕುದುರೆ ಕೂತಲ್ಲೇ ಇತ್ತೇ? ಕೇಪಿನ ಚೂರು ಸಲೀಸಾಗಿ ಬಂತೇ, ನಿಪ್ಪಲ್‌ಗೆ ಅಂಟಿತೇ? "ಟಕ್‌ಢಂ" ಒಂದೇ ಸದ್ದಾಗಿ ಕೇಳಬೇಕು. "ಟಕ್… ಢಂ" ಆದರೆ ಹತ್ತಿದ ಲೆಕ್ಕಕ್ಕೆ ಹಾಕಬೇಡಿ. ಆ ಬಿಡುವಿನಲ್ಲಿ ಕೈ ಅಲುಗಿ ಪ್ರಾಣಿ ಗಾಯಗೊಂಡು ಓಡಿಹೋಗುತ್ತದೆ.

ಒಂದು ಈಡು ಹೊಡೆದ ಮೇಲೆ ಮದ್ದಿನ ಬುಡ್ಡಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಒಳಗೆ ಕಿಡಿ ಉಳಿದಿದ್ದರೆ ಬುಡ್ಡಿಯೇ ಸಿಡಿಯುತ್ತದೆ. ಬೇರೆ ಅಳತೆ ಬಟ್ಟಲಿಗೆ ಹಾಕಿಕೊಂಡು ಸುರಿಯಿರಿ.

ತೇವದ ಪರೀಕ್ಷೆಯೂ ಒಂದಿರಲಿ. ಹತ್ತು ಕೇಪನ್ನು ತೆರೆದ ತಟ್ಟೆಯಲ್ಲಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ, ಒಂದು ರಾತ್ರಿ ಇಬ್ಬನಿಗೆ ಬಿಡಿ. ಬೆಳಗ್ಗೆ ಖಾಲಿ ಕೋವಿಯಲ್ಲಿ ಹೊಡೆಯಿರಿ. ಎರಡು ಬಗೆಗಳಲ್ಲಿ ಯಾವುದು ಗಟ್ಟಿ ಅನ್ನುವುದು ಹಲವು ಸಲ ಇಲ್ಲೇ ತೀರ್ಮಾನವಾಗುತ್ತದೆ.

## ಹಂತ 8: ಬೇಟೆಯ ಬೆಳಗ್ಗೆ

ಇಷ್ಟೆಲ್ಲ ಮಾಡಿ ಆರಿಸಿದ ಕೇಪನ್ನು ಸೋಲಿಸುವುದು ನಾವೇ ಹಚ್ಚಿದ ಎಣ್ಣೆ. ತುಕ್ಕು ಹಿಡಿಯದಿರಲಿ ಅಂತ ನಳಿಗೆಗೆ ಎಣ್ಣೆ ಸವರಿ ನಿಲ್ಲಿಸಿರುತ್ತೇವೆ. ಅದು ಇಳಿದು ಬಂದು ಬ್ರೀಚ್‌ನ ತಳದಲ್ಲಿ, ನಿಪ್ಪಲ್‌ಗೆ ಹೋಗುವ ಸಣ್ಣ ದಾರಿಯಲ್ಲಿ ಕೂರುತ್ತದೆ.

ಕೋವಿ ಖಾಲಿ ಅಂತ ನೋಡಿ. ಸ್ಪಿರಿಟ್ ಹಾಕಿದ ಬಟ್ಟೆಯಿಂದ ನಳಿಗೆ ಒರೆಸಿ, ನಂತರ ಒಣ ಬಟ್ಟೆ. ಪೈಪ್ ಕ್ಲೀನರ್‌ಗೆ ಸ್ಪಿರಿಟ್ ಹಚ್ಚಿ ನಿಪ್ಪಲ್ ಒಳಗೆ ಆಡಿಸಿ. ಆರಲು ಬಿಡಿ. ಸ್ಪಿರಿಟ್ ವಾಸನೆ ಪೂರ್ತಿ ಹೋಗುವವರೆಗೆ ಕೇಪು ಮುಟ್ಟಬೇಡಿ.

ಆಮೇಲೆ ಹೊರಗೆ, ಒಂದು ಒಣ ಬಟ್ಟೆ ತುಂಡನ್ನು ಗಜದಿಂದ ತಳಕ್ಕೆ ಇಳಿಸಿ, ಗಜ ಹೊರತೆಗೆದು, ಬರಿ ಕೇಪು ಹೊಡೆಯಿರಿ. ಬಟ್ಟೆ ಹೊರಗೆಳೆದು ನೋಡಿ. ನಡುವೆ ಕಪ್ಪಾಗಿ ಸುಟ್ಟ ಗುರುತು ಇದ್ದರೆ ಬೆಂಕಿ ತಳ ಮುಟ್ಟುತ್ತಿದೆ. ಒದ್ದೆ ಕಂದು ಕಲೆ ಇದ್ದರೆ ಎಣ್ಣೆ ಇನ್ನೂ ಇದೆ. ಗುರುತೇ ಇಲ್ಲದಿದ್ದರೆ ದಾರಿ ಕಟ್ಟಿದೆ. ಹೊರತೆಗೆದ ಬಟ್ಟೆಯಲ್ಲಿ ಕಿಡಿ ಇರಬಹುದು, ಕಾಲಲ್ಲಿ ಹೊಸಕಿ ಆರಿಸಿ. ಕೊನೆಗೆ ಬಟ್ಟೆ ಇಲ್ಲದೆ ಇನ್ನೊಂದು ಕೇಪು. ನಳಿಗೆ ಬಾಯಿಯ ಮುಂದೆ ಎರಡು ಬೆರಳು ದೂರಕ್ಕೆ ಒಂದು ಹುಲ್ಲಿನ ಎಸಳು ಇರಲಿ. ಕೇಪು ಸಿಡಿದಾಗ ಎಸಳು ಅಲುಗಬೇಕು.

ಇಲ್ಲೊಂದು ಕೆಲಸ ಮರೆತುಹೋಗುತ್ತದೆ. ಹೊಡೆದ ಕೇಪಿನ ಚೂರು, ಮಸಿ ನಿಪ್ಪಲ್ ತೂತಿನಲ್ಲಿ ಉಳಿಯುತ್ತದೆ. ತಂತಿಯಿಂದ ಚುಚ್ಚಿ ತೆಗೆದ ಮೇಲೇ ಮದ್ದು ತುಂಬಿ. ತುಂಬುವಾಗ ಕುದುರೆ ಅರ್ಧಕ್ಕೆ ಎದ್ದಿರಲಿ, ನಿಪ್ಪಲ್ ಬರಿದಾಗಿರಲಿ. ಹಾಗಿದ್ದರೆ ಗುಂಡು ಇಳಿಯುವಾಗ ಒಳಗಿನ ಗಾಳಿ ನಿಪ್ಪಲ್ ಮೂಲಕ ಹೊರಹೋಗುತ್ತದೆ, ಮದ್ದಿನ ಕಾಳುಗಳೂ ಆ ದಾರಿಗೆ ಸರಿದು ಬರುತ್ತವೆ. ಮದ್ದು ಸುರಿದ ಮೇಲೆ ಬ್ರೀಚ್‌ನ ಪಕ್ಕ ಅಂಗೈಯಿಂದ ನಾಲ್ಕು ಸಲ ತಟ್ಟಿ. ಗಜದ ಗೀರು ನೋಡಿ, ಗುಂಡು ಮದ್ದಿಗೆ ತಾಗಿ ಕೂತಿದೆ ಅಂತ ಖಾತ್ರಿಯಾಗಲಿ.

ಕೇಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ನೀವು ನಿಲ್ಲುವ ಜಾಗ ತಲುಪಿದ ಮೇಲೆ.

ಮಳೆ, ಇಬ್ಬನಿ ಇದ್ದರೆ ಕೇಪಿನ ಬುಡದ ಸುತ್ತ ಜೇನುಮೇಣದ ತೆಳು ಉಂಗುರ ಹಚ್ಚಬಹುದು. ಮೊದಲು ಕೇಪು ಕೂರಿಸಿ, ಆಮೇಲೆ ಮೇಣ. ಮೇಣ ಒಳಗೆ ಹೋದರೆ ಮೆತ್ತೆಯಾಗುತ್ತದೆ. ಚಳಿಯಿಂದ ಬೆಚ್ಚಗಿನ ಕೋಣೆಗೆ ಕೋವಿ ತಂದರೆ ನಳಿಗೆಯ ಒಳಗೂ ಹೊರಗೂ ನೀರು ಬೆವರುತ್ತದೆ. ಮರುದಿನದ ಹುಸಿ ಈಡಿಗೆ ಇದೊಂದೇ ಸಾಕು.

## ಹಂತ 9: ಆದರೂ ಹುಸಿ ಹೋದರೆ

ಕೋವಿ ಅಲ್ಲಾಡಿಸಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ. ಮದ್ದು ಒಳಗೆ ಮೆಲ್ಲಗೆ ಹೊಗೆಯಾಡುತ್ತಿರಬಹುದು. ಒಂದು ನಿಮಿಷ ಕನಿಷ್ಠ, ನಾನು ಎರಡು ನಿಮಿಷ ಕಾಯುತ್ತೇನೆ. ನಳಿಗೆ ಬಾಯಲ್ಲಿ ಇಣುಕುವ ಯೋಚನೆಯೇ ಬೇಡ.

ಕೇಪು ಮೊದಲ ಏಟಿಗೆ ಸಿಡಿಯಲಿಲ್ಲ, ಎರಡನೇ ಏಟಿಗೆ ಸಿಡಿಯಿತು ಅಂದರೆ ಹಂತ 2 ಮತ್ತು 4ಕ್ಕೆ ವಾಪಸ್ ಹೋಗಿ. ಎರಡು ಏಟಿಗೂ ಸಿಡಿಯದಿದ್ದರೆ ಅದರ ತಲೆ ನೋಡಿ. ಆಳವಾದ, ನಡುಮಧ್ಯದ ಗುರುತಿದ್ದರೆ ಕೇಪು ಸತ್ತಿದೆ. ಗುರುತು ಮಾಸಲು ಅಥವಾ ಓರೆ ಇದ್ದರೆ ಕುದುರೆಯ ಸ್ಪ್ರಿಂಗ್ ಸೋತಿದೆ, ಇಲ್ಲವೇ ಏಟು ಓರೆ. ಕೇಪು ಸಿಡಿದು ಈಡು ಹಾರದಿದ್ದರೆ ತಪ್ಪು ಕೇಪಿನದ್ದಲ್ಲ. ದಾರಿಯಲ್ಲಿ ಎಣ್ಣೆ, ನೀರು, ಮಸಿ ಇದೆ, ಇಲ್ಲವೇ ಮದ್ದು ಹಾಕಲು ಮರೆತು ಗುಂಡು ಮಾತ್ರ ಇಳಿಸಿದ್ದೀರಿ.

ಕಾದ ಮೇಲೆ ಹೊಸ ಕೇಪು ಹಾಕಿ ಹೊಡೆಯಿರಿ. ಆಗದಿದ್ದರೆ ಮತ್ತೆ ಕಾಯಿರಿ, ನಿಪ್ಪಲ್ ಚುಚ್ಚಿ, ಇನ್ನೊಂದು ಕೇಪು. ಅದೂ ಆಗದಿದ್ದರೆ ಬೇಟೆ ಅಲ್ಲಿಗೆ ಮುಗಿಯಿತು. ನಿಪ್ಪಲ್ ಕಡೆಯಿಂದ ನೀರು ಬಿಟ್ಟು ಮದ್ದನ್ನು ಪೂರ್ತಿ ಒದ್ದೆ ಮಾಡಿ, ಆಮೇಲೆ ಗಜಕ್ಕೆ ಹಾಕುವ ಸ್ಕ್ರೂನಿಂದ ಗುಂಡು ಎಳೆಯಬೇಕು. ಇದನ್ನು ಮೊದಲ ಸಲ ಮಾಡುವವರು ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

## ಕೇಪು ಇಡುವ ರೀತಿ

ಬಂದ ಡಬ್ಬಿಯಲ್ಲೇ ಇರಲಿ. ಗಾಜಿನ ಬಾಟಲಿಗೆ ಸುರಿಯಬೇಡಿ. ಜೇಬಿನಲ್ಲಿ ಕೀ, ಚಿಲ್ಲರೆಯ ಜೊತೆ ಬಿಡಿ ಕೇಪು ಹಾಕಿಕೊಳ್ಳಬೇಡಿ. ಮದ್ದು ಒಂದು ಕಪಾಟು, ಕೇಪು ಇನ್ನೊಂದು, ಎರಡಕ್ಕೂ ಬೀಗ. ಬೆಂಕಿಕಡ್ಡಿಯ ಮದ್ದು, ಆಟದ ಪಿಸ್ತೂಲಿನ ಪಟಾಕಿ ಕೆರೆದು ಕೇಪು ತುಂಬುವ ಕೆಲಸಕ್ಕೆ ಕೈ ಹಾಕಬೇಡಿ. ಅದರಲ್ಲಿ ಬೆರಳು, ಕಣ್ಣು ಹೋಗುತ್ತವೆ. ವಿಮಾನದ ಲಗೇಜಿನಲ್ಲೂ ಕೇಪು ಒಯ್ಯುವಂತಿಲ್ಲ.

ಬೇಟೆ ಮುಗಿಸಿ ಬಂದ ದಿನ ಜೇಬಿನಲ್ಲಿ ಉಳಿದ ಕೇಪುಗಳನ್ನು ಡಬ್ಬಿಗೆ ವಾಪಸ್ ಹಾಕಬೇಡಿ. ಅವು ಬೆವರು, ತೇವ ಕುಡಿದಿರುತ್ತವೆ. ಬೇರೆ ಸಣ್ಣ ಡಬ್ಬಿಯಲ್ಲಿ "ಅಭ್ಯಾಸಕ್ಕೆ" ಅಂತ ಬರೆದಿಡಿ. ಹೊಸ ಡಬ್ಬಿಯ ಮುಚ್ಚಳದ ಮೇಲೆ ತೆರೆದ ತಾರೀಕು, ಲಾಟ್ ಸಂಖ್ಯೆ, ಯಾವ ಕೋವಿಯ ಯಾವ ನಿಪ್ಪಲ್‌ಗೆ ಪರೀಕ್ಷೆ ಮಾಡಿದ್ದು ಅನ್ನುವುದನ್ನು ಬರೆಯಿರಿ. ಲಾಟ್ ಬದಲಾದರೆ ಹಂತ 7 ಮತ್ತೆ ಮೊದಲಿಂದ, ನಿಪ್ಪಲ್ ಬದಲಾದರೆ ಹಂತ 4ರಿಂದ.